ಬೇಸ್ ಗಿಟಾರ್ ನುಡಿಸುವವರಿಗೆ ಪೆಡಲ್ ಉಡುಗೊರೆ: ಕಡಿಮೆ ದುಡ್ಡಿನಲ್ಲಿ ಸರಿಯಾದದ್ದನ್ನು ಆರಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಗಣೇಶ ಹಬ್ಬದ ಆರ್ಕೆಸ್ಟ್ರಾ ನಡೆಯುವಾಗ ಜನ ನೋಡುವುದು ಹಾಡುವವರನ್ನು. ಆಮೇಲೆ ಕೀಬೋರ್ಡ್, ಆಕ್ಟೋಪ್ಯಾಡ್. ಬೇಸ್ ಗಿಟಾರ್ ಹಿಡಿದವರು ಹಿಂದೆ ಎಲ್ಲೋ ನಿಂತಿರುತ್ತಾರೆ. ಅವರು ಒಂದು ಪಲ್ಲವಿ ಕೈ ಬಿಟ್ಟು ನೋಡಲಿ, ಇಡೀ ಹಾಡು ಟೊಳ್ಳಾಗುತ್ತದೆ. ಬೀದರಿನ ಚರ್ಚ್‌ಗಳಲ್ಲಿ ಕ್ರಿಸ್‌ಮಸ್ ಹಾಡು ಕೇಳಿದವರಿಗೂ ಇದು ಗೊತ್ತಿರುತ್ತದೆ. ಕೆಳಗಿನ ಸ್ವರ ಗಟ್ಟಿಯಾಗಿದ್ದರೆ ಕ್ವಯರ್ ಧೈರ್ಯವಾಗಿ ಹಾಡುತ್ತದೆ.

ಅಂಥವರು ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಇದ್ದಾರೆ, ಹುಟ್ಟುಹಬ್ಬ ಬಂದಿದೆ, ಏನಾದರೂ ಕೊಡಬೇಕು ಅಂದುಕೊಂಡಿದ್ದೀರಿ. ಪೆಡಲ್ ಒಳ್ಳೆಯ ಆಯ್ಕೆ. ಕಾಲಲ್ಲಿ ಒತ್ತಿದರೆ ಗಿಟಾರ್ ದನಿಯನ್ನು ಬದಲಿಸುವ ಪುಟ್ಟ ಡಬ್ಬ ಅದು. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ನೂರಾರು ಬಗೆ ಕಾಣುತ್ತವೆ. ಬಣ್ಣ, ಹೆಸರು ನೋಡಿ ಆರಿಸಿದರೆ ಅದು ಕಪಾಟಿನಲ್ಲಿ ಧೂಳು ತಿನ್ನುವ ಸಾಧ್ಯತೆಯೇ ಜಾಸ್ತಿ.

ಹಾಗಾಗಿ ಮೊದಲೇ ಒಂದು ಮಾತು. ಯಾವ ದನಿ ಚೆನ್ನಾಗಿದೆ ಅನ್ನುವುದು ನಂತರದ ಪ್ರಶ್ನೆ. ಅವರ ಗಿಟಾರ್‌ನಿಂದ ಹೊರಟ ವೈರು ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಪೆಡಲ್ ಆರಿಸುವ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇಲ್ಲಿ ಕಡಿಮೆ ದುಡ್ಡು ಅಂದರೆ ಸುಮಾರು 2,000ದಿಂದ 10,000 ರೂಪಾಯಿ ಅಂತ ಇಟ್ಟುಕೊಂಡಿದ್ದೇನೆ. ಹೆಚ್ಚಿನವು ಹೊರದೇಶದ ಮಾಲು, ಬೆಲೆ ಏರಿಳಿಯುತ್ತಲೇ ಇರುತ್ತದೆ. ಕೊಳ್ಳುವ ದಿನ ಎರಡು ಮೂರು ಕಡೆ ನೋಡಿ.

ಹೆಜ್ಜೆ 1: ವೈರು ಎಲ್ಲಿಗೆ ಹೋಗುತ್ತದೆ ನೋಡಿ

ವಿದೇಶದ ವಿಡಿಯೊಗಳಲ್ಲಿ ಬೇಸ್ ನುಡಿಸುವವರ ಹಿಂದೆ ದೊಡ್ಡ ಆಂಪ್ಲಿಫೈಯರ್ ಇರುತ್ತದೆ. ಅಲ್ಲಿ ಹೇಳುವ ಸಲಹೆಯೆಲ್ಲ ಆಂಪ್ ಇದೆ ಅನ್ನುವ ಲೆಕ್ಕದಲ್ಲಿ ಹೇಳಿದ್ದು. ನಮ್ಮ ಕಡೆ ಬಹಳಷ್ಟು ಜನರಿಗೆ ಬೇಸ್ ಆಂಪ್ ಇರುವುದಿಲ್ಲ. ಗಿಟಾರ್‌ನಿಂದ ಒಂದು ಉದ್ದನೆಯ ವೈರು ಹೊರಟು ಸೀದಾ ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ಗೆ ಹೋಗುತ್ತದೆ. ಪೆಂಡಾಲ್ ದೊಡ್ಡದಿದ್ದರೆ ಆ ವೈರು 15-20 ಮೀಟರ್ ಆದರೂ ಆಶ್ಚರ್ಯ ಇಲ್ಲ.

ಇದರಲ್ಲಿ ಎರಡು ತೊಂದರೆ ಇವೆ.

ಒಂದು, ಸಾಮಾನ್ಯ ಬೇಸ್ ಗಿಟಾರ್‌ನ ಪಿಕಪ್ (ತಂತಿಯ ಅದುರುವಿಕೆಯನ್ನು ಸಿಗ್ನಲ್ ಮಾಡುವ ಭಾಗ) ಕೊಡುವ ಸಿಗ್ನಲ್ ಬಹಳ ನಾಜೂಕು. ಅದನ್ನು ಸ್ವೀಕರಿಸುವ ಕಡೆ ಇಂಪಿಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆ, ಸುಮಾರು 10 ಲಕ್ಷ ಓಮ್ ಇರಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್‌ನಲ್ಲಿ ಅದು ಸುಮಾರು 10 ಸಾವಿರ ಓಮ್ ಮಾತ್ರ, ಮೈಕ್ ಇನ್‌ಪುಟ್‌ನಲ್ಲಿ ಇನ್ನೂ ಕಡಿಮೆ. ಪರಿಣಾಮ, ದನಿ ಮಂಕಾಗುತ್ತದೆ. ತಂತಿಗೆ ಬೆರಳು ತಾಗುವ ಸ್ಪಷ್ಟತೆ ಹೋಗಿ, ಗೋಡೆಯಾಚೆಯಿಂದ ಕೇಳಿದ ಹಾಗೆ ಗುಂ ಅನ್ನುವುದಷ್ಟೇ ಉಳಿಯುತ್ತದೆ. ವೈರು ಉದ್ದ ಆದಷ್ಟೂ ಮೇಲಿನ ದನಿ ಇನ್ನಷ್ಟು ಸೋರಿ ಹೋಗುತ್ತದೆ.

ಎರಡನೆಯದು ಹಮ್. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಜ್. ಬೇಸ್ ಗಿಟಾರ್‌ನ ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಜ್. ಅಂದರೆ ಕರೆಂಟಿನ ಗುಂಯ್‌ಗುಟ್ಟುವಿಕೆ ಬೇಸ್‌ನ ಸ್ವರದ ಪಕ್ಕದಲ್ಲೇ ಬಂದು ಕೂರುತ್ತದೆ. ಸೌಂಡ್‌ನವರು ಹಮ್ ತೆಗೆಯಲು ಮಿಕ್ಸರ್‌ನಲ್ಲಿ ಲೋ ಗುಂಡಿ ಇಳಿಸಿದರೆ, ಜೊತೆಗೆ ಬೇಸ್ ಕೂಡ ಇಳಿದು ಹೋಗುತ್ತದೆ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ, ಅರ್ತಿಂಗ್ ಸರಿಯಿಲ್ಲದ ಕಡೆ ಇದು ಇನ್ನೂ ಜಾಸ್ತಿ.

ಹಾಗಾಗಿ ಮುಂದಿನ ಕಾರ್ಯಕ್ರಮಕ್ಕೆ ಹೋದಾಗ ಸ್ಟೇಜ್ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ವೈರು ಆಂಪ್‌ಗೆ ಹೋಗುತ್ತಿದೆಯೇ, ಮಿಕ್ಸರ್‌ಗೇ ಹೋಗುತ್ತಿದೆಯೇ, ನಡುವೆ ಏನಾದರೂ ಡಬ್ಬ ಇದೆಯೇ? ಹೋಗಲು ಆಗದಿದ್ದರೆ ಹಳೆಯ ಫೋಟೊ, ವಿಡಿಯೊ ತೆಗೆದು ಕಾಲ ಬುಡ ಜೂಮ್ ಮಾಡಿ. ತಂಡದ ಕೀಬೋರ್ಡಿನವರನ್ನು ಕೇಳಿದರೂ ಸಾಕು, ಗುಟ್ಟು ಬಿಡಬೇಡಿ ಅಂತ ಮೊದಲೇ ಹೇಳಿಬಿಡಿ. ಇವರ ಕಷ್ಟ ನಿಜವಾಗಿ ಗೊತ್ತಿರುವುದು ಸೌಂಡ್ ಸಿಸ್ಟಮ್‌ನವರಿಗೆ. "ಬೇಸ್ ದನಿ ಹೇಗೆ ಬರ್ತದೆ?" ಅಂತ ಅವರನ್ನು ಕೇಳಿ ನೋಡಿ, ಯಾರೂ ಹೇಳದ ವಿಷಯ ಹೇಳುತ್ತಾರೆ.

ಬರೀ ಮನೆಯಲ್ಲಿ ಅಭ್ಯಾಸ ಮಾಡುವ ವಿದ್ಯಾರ್ಥಿಯಾದರೆ ಲೆಕ್ಕವೇ ಬೇರೆ. ಅವರ ವೈರು ಬಹುಶಃ ಎಲ್ಲಿಗೂ ಹೋಗುತ್ತಿರುವುದಿಲ್ಲ, ಆಂಪ್ ಇಲ್ಲದೆ ಸುಮ್ನೆ ತಂತಿ ಮೀಟುತ್ತಿರುತ್ತಾರೆ. ಅವರಿಗೆ ಏನು ಕೊಡಬೇಕು ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಗಿಟಾರ್ ಅನ್ನೇ ಒಮ್ಮೆ ನೋಡಿ

ತಂತಿ ಎಷ್ಟಿವೆ ಎಣಿಸಿ. ನಾಲ್ಕಿದ್ದರೆ ಅತಿ ಕೆಳಗಿನ ಸ್ವರ 41 ಹರ್ಟ್ಜ್. ಐದಿದ್ದರೆ ಸುಮಾರು 31 ಹರ್ಟ್ಜ್. ಐದು ತಂತಿ ಇದ್ದರೆ ಶ್ರುತಿ ನೋಡುವ ಟ್ಯೂನರ್ ಮತ್ತು ಕೆಳಗಿನ ಸಪ್ತಕದ ಸ್ವರ ಬೆರೆಸುವ ಆಕ್ಟೇವ್ ಪೆಡಲ್ ಕೊಳ್ಳುವಾಗ ಜಾಸ್ತಿ ಹುಷಾರಾಗಿರಬೇಕು.

ಆಮೇಲೆ ಗಿಟಾರ್ ತಿರುಗಿಸಿ ಬೆನ್ನು ನೋಡಿ. 9 ವೋಲ್ಟ್ ಬ್ಯಾಟರಿ ಹಾಕುವ ಪುಟ್ಟ ಮುಚ್ಚಳ ಇದ್ದರೆ ಅದು ಆಕ್ಟಿವ್ ಬೇಸ್. ಬ್ಯಾಟರಿ ಇಲ್ಲದ್ದು ಪ್ಯಾಸಿವ್. ಕೆಲವು ಗಿಟಾರ್‌ಗಳಲ್ಲಿ ಬ್ಯಾಟರಿ ಸ್ಕ್ರೂ ಹಾಕಿದ ಪ್ಲೇಟಿನ ಒಳಗೇ ಇರುತ್ತದೆ, ಹಾಗಾಗಿ ಮುಚ್ಚಳ ಕಾಣದಿದ್ದರೆ ಮಾಡೆಲ್ ಹೆಸರು ಹಾಕಿ ನೆಟ್‌ನಲ್ಲಿ ಹುಡುಕಿ. ಆಕ್ಟಿವ್ ಬೇಸ್‌ನಿಂದ ಸಿಗ್ನಲ್ ಜೋರಾಗಿ ಬರುತ್ತದೆ. ಅಗ್ಗದ ಕೆಲವು ಪೆಡಲ್‌ಗಳು ಆ ಜೋರು ತಡೆಯಲಾರದೆ ಬೇಡದ ಕಡೆ ದನಿ ಒಡೆಯುತ್ತವೆ. ಆಕ್ಟಿವ್-ಪ್ಯಾಸಿವ್ ಸ್ವಿಚ್ ಇರುವ ಪೆಡಲ್ ಸಿಕ್ಕರೆ ಅದೇ ಇರಲಿ.

ಹೆಜ್ಜೆ 3: ಅವರ ಬಳಿ ಈಗಾಗಲೇ ಇರುವುದು

ಇದು ಬೇಗ ಮುಗಿಯುವ ಕೆಲಸ. ಗಿಟಾರ್ ಬ್ಯಾಗಿನ ಮುಂದಿನ ಜೇಬು ನೋಡಿದರೆ ಸಾಕು. ಟ್ಯೂನರ್ ಇದೆಯೇ, ಪೆಡಲ್ ಇದೆಯೇ, ಅಡಾಪ್ಟರ್ ಎಂಥದ್ದು, ಇದಿಷ್ಟನ್ನು ಫೋಟೊ ತೆಗೆದುಕೊಳ್ಳಿ. ಇರುವುದನ್ನೇ ಮತ್ತೆ ಕೊಟ್ಟರೆ ಪ್ರಯೋಜನ ಇಲ್ಲ ಅಲ್ವಾ.

ಹೆಜ್ಜೆ 4: ಯಾವ ಬಗೆಯ ಪೆಡಲ್?

ಇಲ್ಲಿ ಎಲ್ಲ ಬಗೆಗೂ ಒಂದೇ ತೂಕ ಕೊಡುವುದಿಲ್ಲ. ನಮ್ಮ ಊರಿನ ಪರಿಸ್ಥಿತಿಯಲ್ಲಿ ಯಾವುದು ಜಾಸ್ತಿ ಕೆಲಸಕ್ಕೆ ಬರುತ್ತದೋ ಅದನ್ನೇ ಮೊದಲು ಹೇಳುತ್ತೇನೆ.

ಪ್ರಿಆಂಪ್ ಮತ್ತು ಡಿಐ ಒಟ್ಟಿಗೆ ಇರುವ ಪೆಡಲ್

ವೈರು ಸೀದಾ ಮಿಕ್ಸರ್‌ಗೆ ಹೋಗುತ್ತಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಕೊಡಿ. ಗಿಟಾರ್‌ನ ನಾಜೂಕು ಸಿಗ್ನಲ್ ಅನ್ನು ಇದು ಸರಿಯಾದ ಇಂಪಿಡೆನ್ಸ್‌ನಲ್ಲಿ ತೆಗೆದುಕೊಂಡು, ಸ್ವಲ್ಪ ಬಲ ತುಂಬಿ (ಇದು ಪ್ರಿಆಂಪ್‌ನ ಕೆಲಸ), ಮೈಕಿನ ಮೂರು ಪಿನ್ನಿನ ವೈರಿನಲ್ಲಿ ಮಿಕ್ಸರ್‌ಗೆ ಕಳಿಸುತ್ತದೆ (ಇದು ಡಿಐ, ಅಂದರೆ ಡೈರೆಕ್ಟ್ ಇಂಜೆಕ್ಷನ್). ಆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರಿನಲ್ಲಿ ಒಂದೇ ಸಿಗ್ನಲ್ ಎರಡು ಎಳೆಗಳಲ್ಲಿ ನೆಟ್ಟಗೆ ಮತ್ತು ತಲೆಕೆಳಗಾಗಿ ಹೋಗುತ್ತದೆ. ದಾರಿಯಲ್ಲಿ ಹೊಕ್ಕ ಗದ್ದಲ ಎರಡೂ ಎಳೆಗೆ ಸಮ ಬೀಳುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಹೋಗಿ ಸಿಗ್ನಲ್ ಉಳಿಯುತ್ತದೆ. 20 ಮೀಟರ್ ಎಳೆದರೂ ದನಿ ಸ್ವಚ್ಛ.

ಇದರ ಮೇಲೆ ಗ್ರೌಂಡ್ ಲಿಫ್ಟ್ ಅನ್ನುವ ಪುಟ್ಟ ಸ್ವಿಚ್ ಇದೆಯೇ ನೋಡಿ. ಸ್ಟೇಜ್ ಮೇಲಿನ ಉಪಕರಣದ ಅರ್ತಿಂಗ್ ಒಂದು ಕಡೆ, ಮಿಕ್ಸರ್ ಅರ್ತಿಂಗ್ ಇನ್ನೊಂದು ಕಡೆ ಇದ್ದಾಗ ಹಮ್ ಶುರುವಾಗುತ್ತದೆ. ಆಗ ಈ ಸ್ವಿಚ್ ಒತ್ತಿದರೆ ಎಷ್ಟೋ ಸಲ ತಟ್ಟನೆ ನಿಲ್ಲುತ್ತದೆ. ಜಾತ್ರೆ, ಪೆಂಡಾಲ್ ಕಾರ್ಯಕ್ರಮ ಮಾಡುವವರಿಗೆ ಈ ಒಂದು ಸ್ವಿಚ್ಚೇ ದೊಡ್ಡ ಉಡುಗೊರೆ.

ಈ ಬಗೆಯಲ್ಲಿ ಹೆಸರಾದದ್ದು ಅಮೆರಿಕದ ಟೆಕ್ 21 ಕಂಪನಿಯ ಸಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ. ಅದು ನಮ್ಮ ಬಜೆಟ್ ಮೀರುತ್ತದೆ. ಅದೇ ದಾರಿಯಲ್ಲಿ ಬಂದ ಅಗ್ಗದ ಮಾಲು ಬೆರಿಂಗರ್ ಬಿಡಿಐ21. ಅದರಲ್ಲಿ ಆರು ಗುಂಡಿಗಳು: ಡ್ರೈವ್, ಪ್ರೆಸೆನ್ಸ್, ಬ್ಲೆಂಡ್, ಟ್ರೆಬಲ್, ಬೇಸ್, ಲೆವೆಲ್. ದುಬಾರಿ ಪೆಡಲ್‌ನ ಗಟ್ಟಿತನ ಇದಕ್ಕಿಲ್ಲ, ಗದ್ದಲವೂ ತುಸು ಜಾಸ್ತಿ. ಆದರೂ ಸೀದಾ ಮಿಕ್ಸರ್‌ಗೆ ಹಾಕುವುದಕ್ಕೂ ಇದರ ಮೂಲಕ ಹಾಕುವುದಕ್ಕೂ ಇರುವ ವ್ಯತ್ಯಾಸ ಮೊದಲ ಸ್ವರದಲ್ಲೇ ಗೊತ್ತಾಗುತ್ತದೆ. ಇದೇ ಬೆಲೆಯ ಆಸುಪಾಸಿನಲ್ಲಿ ಚೀನಾದ ಕಂಪನಿಗಳದ್ದೂ ಸಿಗುತ್ತವೆ. ಯಾವುದೇ ಆಗಲಿ, ಎಕ್ಸ್‌ಎಲ್‌ಆರ್ ಔಟ್‌ಪುಟ್ ಇರಬೇಕು. ಅದಿಲ್ಲದ ಪ್ರಿಆಂಪ್ ಪೆಡಲ್‌ನಿಂದ ಅರ್ಧ ಲಾಭ ಮಾತ್ರ.

ಟ್ಯೂನರ್ ಪೆಡಲ್

ಸಣ್ಣ ಬಜೆಟ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. "ಟ್ಯೂನರ್ ಕೊಡುವುದಾ? ಅದರಿಂದ ದನಿಯೇನೂ ಬದಲಾಗುವುದಿಲ್ಲವಲ್ಲ" ಅಂತ ಅನ್ನಿಸಬಹುದು. ಆದರೆ ಯಾರೇ ಆಗಲಿ ದಿನಾ ಬಳಸುವ ಪೆಡಲ್ ಇದು.

ತಂತಿ ಬಿಸಿಯಾದರೆ ಹಿಗ್ಗಿ ಶ್ರುತಿ ಇಳಿಯುತ್ತದೆ. ತಣ್ಣಗಾದರೆ ಬಿಗಿದು ಏರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಹಗಲು 42 ಡಿಗ್ರಿ ದಾಟುವುದು ಮಾಮೂಲು. ಸಂಜೆ ಐದಕ್ಕೆ ಬಿಸಿಲಲ್ಲಿ ಶ್ರುತಿ ಮಾಡಿದ ಗಿಟಾರ್ ರಾತ್ರಿ ಹತ್ತಕ್ಕೆ ಹಾಗೇ ಇರುವುದಿಲ್ಲ. ಸ್ಟೇಜ್ ದೀಪದ ಬಿಸಿ ಬೇರೆ. ಗಿಟಾರ್‌ನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಮರದ ಅದುರುವಿಕೆ ಹಿಡಿದು ಕೆಲಸ ಮಾಡುತ್ತದೆ. ಪಕ್ಕದಲ್ಲಿ ಡ್ರಮ್ಸ್ ಬಾರಿಸುತ್ತಿದ್ದರೆ, ಐದನೇ ದಪ್ಪ ತಂತಿಯಾದರೆ, ಅದಕ್ಕೆ ಗೊಂದಲವಾಗುತ್ತದೆ. ಪೆಡಲ್ ಟ್ಯೂನರ್ ಸಿಗ್ನಲ್ ಅನ್ನೇ ನೋಡುತ್ತದೆ, ಗದ್ದಲದ ಹಂಗಿಲ್ಲ. ಒತ್ತಿದರೆ ದನಿ ಪೂರ್ತಿ ಬಂದ್. ಎರಡು ಹಾಡಿನ ನಡುವೆ ನಿರೂಪಕರು ಮಾತಾಡುವಾಗ ಯಾರಿಗೂ ಕೇಳದ ಹಾಗೆ ಶ್ರುತಿ ಮಾಡಿಕೊಳ್ಳಬಹುದು.

ಬಾಸ್ ಕಂಪನಿಯ ಟಿಯು-3, ಟಿಸಿ ಎಲೆಕ್ಟ್ರಾನಿಕ್‌ನ ಪಾಲಿಟ್ಯೂನ್ ಹೆಸರಾದವು, ಬೆಲೆಯೂ ಹಾಗೇ. ಡೋನರ್, ಮೂಯರ್, ಜೋಯೊ ಮುಂತಾದವರ ಪುಟ್ಟ ಟ್ಯೂನರ್‌ಗಳು ಬಹಳ ಅಗ್ಗ. ಅವೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಐದು ತಂತಿಯವರಿಗೆ ಕೊಡುವುದಾದರೆ ಕೆಳಗಿನ ಬಿ ಸ್ವರ ಹಿಡಿಯುತ್ತದೆಯೇ ಅಂತ ವಿವರಣೆಯಲ್ಲಿ ಓದಿ ಕೊಳ್ಳಿ. ಡಿಸ್‌ಪ್ಲೇ ಬೆಳಕು ಜೋರಿರಬೇಕು. ಕೆಲವು ಹಗಲಿನ ಕಾರ್ಯಕ್ರಮದಲ್ಲಿ ಏನೂ ಕಾಣುವುದಿಲ್ಲ.

ಕಂಪ್ರೆಸರ್

ಬೇಸ್ ನುಡಿಸುವಾಗ ಒಂದು ಸ್ವರ ಜೋರು, ಒಂದು ಮೆತ್ತಗೆ ಬರುವುದು ಸಹಜ. ಕಂಪ್ರೆಸರ್ ಜೋರಾದದ್ದನ್ನು ತಗ್ಗಿಸುತ್ತದೆ, ಆಮೇಲೆ ಒಟ್ಟು ದನಿಯನ್ನು ಏರಿಸಿಕೊಳ್ಳಲು ಜಾಗ ಸಿಗುತ್ತದೆ. ಹೆಬ್ಬೆರಳಿನಲ್ಲಿ ಹೊಡೆದು ನುಡಿಸುವ ಸ್ಲ್ಯಾಪ್ ಶೈಲಿಯವರಿಗೆ ಇದು ಬೇಕೇ ಬೇಕು.

ಉಡುಗೊರೆಯಾಗಿ ಇದಕ್ಕೊಂದು ಕೊರತೆ ಇದೆ. ಇದು ಸರಿಯಾಗಿ ಕೆಲಸ ಮಾಡುವಾಗ ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ಐದಾರು ವರ್ಷ ನುಡಿಸಿದವರು ಖುಷಿಪಡುತ್ತಾರೆ. ಹೊಸಬರು ಎರಡು ದಿನ ಗುಂಡಿ ತಿರುಗಿಸಿ ಪಕ್ಕಕ್ಕಿಡುತ್ತಾರೆ. ಅನುಭವಿಗಳಿಗೆ ಕೊಡುವುದಾದರೆ ಟಿಸಿ ಎಲೆಕ್ಟ್ರಾನಿಕ್‌ನ ಸ್ಪೆಕ್ಟ್ರಾಕಾಂಪ್ ನೋಡಬಹುದು. ಬೇಸ್‌ಗಾಗಿಯೇ ಮಾಡಿದ್ದು, ಪುಟ್ಟದು. ಸಾದಾ ಗಿಟಾರ್‌ಗೆ (ಬೇಸ್ ಅಲ್ಲದ್ದಕ್ಕೆ) ಮಾಡಿದ ಅಗ್ಗದ ಕಂಪ್ರೆಸರ್‌ಗಳಲ್ಲಿ ಕೆಲವು ಕೆಳಗಿನ ದನಿಯನ್ನು ತಿಂದುಬಿಡುತ್ತವೆ, ಕೇಳದೆ ಕೊಳ್ಳಬೇಡಿ.

ಓವರ್‌ಡ್ರೈವ್, ಡಿಸ್ಟಾರ್ಶನ್, ಫಝ್

ದನಿಯನ್ನು ಬೇಕೆಂದೇ ಒಡೆಯುವ ಪೆಡಲ್‌ಗಳಿವು. ರಾಕ್ ನುಡಿಸುವ ಕಾಲೇಜು ಹುಡುಗರ ಕಣ್ಣು ಮೊದಲು ಬೀಳುವುದು ಇವುಗಳ ಮೇಲೇ.

ಇದರ ಹುಟ್ಟಿನಲ್ಲೇ ಬೇಸ್ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. 1960ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಒಂದು ಸ್ಟುಡಿಯೊದಲ್ಲಿ ಆರು ತಂತಿಯ ಬೇಸ್ ರೆಕಾರ್ಡ್ ಮಾಡುವಾಗ ಮಿಕ್ಸರ್‌ನ ಒಂದು ಚಾನೆಲ್ ಕೆಟ್ಟು, ದನಿ ಬಿರುಕು ಬಿಟ್ಟು ಗುಂಯ್‌ಗುಟ್ಟಿತು. ಅದನ್ನು ಅಳಿಸದೆ ಹಾಗೇ ಉಳಿಸಿಕೊಂಡರು, ಹಾಡು ಗೆದ್ದಿತು. ಆ ದನಿಯನ್ನೇ ಡಬ್ಬದಲ್ಲಿ ತುಂಬಿ 1962ರಲ್ಲಿ ಗಿಬ್ಸನ್ ಕಂಪನಿ ಮೇಸ್ಟ್ರೊ ಫಝ್-ಟೋನ್ ಅಂತ ಮಾರುಕಟ್ಟೆಗೆ ತಂದಿತು. ಗಿಟಾರಿಸ್ಟ್‌ಗಳು ಅದನ್ನು ತಮ್ಮದೇ ಮಾಡಿಕೊಂಡದ್ದು ಆಮೇಲೆ.

ಈಗ ಕೊಳ್ಳುವ ವಿಚಾರ. ಗಿಟಾರ್‌ಗಾಗಿ ಮಾಡಿದ ಓವರ್‌ಡ್ರೈವ್ ಬೇಸ್‌ಗೆ ಹಾಕಿದರೆ ದನಿ ತೆಳ್ಳಗಾಗುತ್ತದೆ. ಪ್ರಸಿದ್ಧ ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟ್ ತೆಗೆದುಕೊಳ್ಳಿ. ಅದು 720 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಕಡಿಮೆ ಒಡೆಯುತ್ತದೆ, ಕಡಿಮೆ ಏರಿಸುತ್ತದೆ. ಗಿಟಾರ್‌ಗೆ ಅದೇ ಚೆಂದ. ಬೇಸ್‌ನ ಮೈಯೆಲ್ಲ ಇರುವುದೇ ಅದಕ್ಕಿಂತ ಕೆಳಗೆ. ಒತ್ತಿದ ತಕ್ಷಣ ತಳ ಕಳಚಿದಂತಾಗುತ್ತದೆ.

ಅದಕ್ಕೇ ಬ್ಲೆಂಡ್, ಮಿಕ್ಸ್, ಬ್ಯಾಲೆನ್ಸ್ ಅಥವಾ ಡ್ರೈ ಅಂತ ಬರೆದ ಗುಂಡಿಯೋ ಸ್ವಿಚ್ಚೋ ಇರುವ ಪೆಡಲ್ ನೋಡಿ. ಅದು ಮೂಲ ದನಿಯನ್ನು ಹಾಗೇ ಬಿಟ್ಟು, ಒಡೆದ ದನಿಯನ್ನು ಮೇಲೆ ಬೆರೆಸುತ್ತದೆ. ತೊಗರಿ ಬೇಳೆ ಸಾರು ಗಟ್ಟಿಯಾಗಿ ಹಾಗೇ ಇರಬೇಕು, ಒಗ್ಗರಣೆ ಮೇಲೆ ಬೀಳಬೇಕು. ಬಾಸ್ ಕಂಪನಿಯ ಓಡಿಬಿ-3ಯಲ್ಲಿ ಬ್ಯಾಲೆನ್ಸ್ ಗುಂಡಿ ಇದೆ. ಅದೇ ಮಾದರಿಯ ಬೆರಿಂಗರ್ ಬಿಒಡಿ400 ಬಹಳ ಅಗ್ಗ, ಆದರೆ ಮೈ ಪ್ಲಾಸ್ಟಿಕ್. ಮನೆಗೆ, ಅಭ್ಯಾಸಕ್ಕೆ ಅಡ್ಡಿಯಿಲ್ಲ. ವಾರಕ್ಕೆರಡು ಸಲ ಬೂಟುಗಾಲಲ್ಲಿ ಒತ್ತುವವರಿಗೆ ಬೇಡ. ಎಲೆಕ್ಟ್ರೊ-ಹಾರ್ಮೊನಿಕ್ಸ್‌ನ ಬೇಸ್ ಬಿಗ್ ಮಫ್‌ನಲ್ಲಿ ಡ್ರೈ ಸ್ವಿಚ್ ಇದೆ, ಮೈ ಲೋಹದ್ದು. ಬಜೆಟ್ ತುಸು ಎಳೆಯಬೇಕಾಗುತ್ತದೆ.

ಆರ್ಕೆಸ್ಟ್ರಾದವರಿಗೆ ಡ್ರೈವ್ ಬೇಡ ಅಂತ ತಳ್ಳಿಹಾಕಬೇಡಿ. ಸಣ್ಣ ಸ್ಪೀಕರ್‌ಗಳಲ್ಲಿ 41 ಹರ್ಟ್ಜ್ ಬರುವುದೇ ಇಲ್ಲ. ಸ್ವಲ್ಪ, ತೀರ ಸ್ವಲ್ಪ ಡ್ರೈವ್ ಹಾಕಿದರೆ ಅದರ ಮೇಲಿನ 82, 123 ಹರ್ಟ್ಜ್‌ನ ಅನುಸ್ವರಗಳು ಬಲಗೊಳ್ಳುತ್ತವೆ. ಕಿವಿ ಅವನ್ನು ಹಿಡಿದು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ದನಿ ಒಡೆದದ್ದು ಯಾರಿಗೂ ಗೊತ್ತಾಗುವುದಿಲ್ಲ, ಬೇಸ್ ಮಾತ್ರ ಕೇಳಿಸುತ್ತದೆ. ಮೇಲೆ ಹೇಳಿದ ಪ್ರಿಆಂಪ್ ಪೆಡಲ್‌ನ ಡ್ರೈವ್ ಗುಂಡಿ ಇದೇ ಕೆಲಸ ಮಾಡುತ್ತದೆ.

ಆಕ್ಟೇವ್, ಕೋರಸ್, ಫಿಲ್ಟರ್

ಇವೆಲ್ಲ ಆಸೆಯ ಪೆಡಲ್‌ಗಳು. ಅವರೇ ಬಾಯಿಬಿಟ್ಟು ಹೆಸರು ಹೇಳಿದ್ದರೆ ಮಾತ್ರ ಕೊಡಿ. ಆಕ್ಟೇವ್ ಪೆಡಲ್ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ದಪ್ಪ ತಂತಿಯ 41 ಹರ್ಟ್ಜ್‌ಗೆ ಒಂದು ಆಕ್ಟೇವ್ ಕೆಳಗೆ ಅಂದರೆ ಸುಮಾರು 20 ಹರ್ಟ್ಜ್. ಮನುಷ್ಯರ ಕಿವಿ ಕೇಳುವ ಗಡಿಯೇ ಅದು. ಅಂಥ ದನಿ ಹೊರಡಿಸುವ ಸ್ಪೀಕರ್ ಬಾಡಿಗೆ ಸೌಂಡ್ ಸಿಸ್ಟಮ್‌ಗಳಲ್ಲಿ ಎಲ್ಲಿಂದ ಬರಬೇಕು? ಮೇಲಿನ ತಂತಿಗಳಲ್ಲಿ ನುಡಿಸುವವರಿಗೆ ಮಾತ್ರ ಇದು ಹೊಂದುತ್ತದೆ.

ಮಲ್ಟಿ ಎಫೆಕ್ಟ್

ಆಂಪ್ ಇಲ್ಲದೆ ಮನೆಯಲ್ಲಿ ಕಲಿಯುತ್ತಿರುವವರಿಗೆ ನನ್ನ ಆಯ್ಕೆ ಇದೇ. ಜಪಾನಿನ ಜೂಮ್ ಕಂಪನಿಯ ಬಿ1 ಫೋರ್ ಅನ್ನುವ ಪೆಡಲ್‌ನಲ್ಲಿ ಕಂಪ್ರೆಸರ್, ಡ್ರೈವ್, ಕೋರಸ್, ಆಂಪ್ ದನಿಯನ್ನು ಅನುಕರಿಸುವ ಆಂಪ್ ಮಾಡೆಲ್, ಟ್ಯೂನರ್, ತಾಳಕ್ಕೆ ಡ್ರಮ್ಸ್, ನುಡಿಸಿದ್ದನ್ನು ಮತ್ತೆ ಮತ್ತೆ ಕೇಳಿಸುವ ಲೂಪರ್, ಎಲ್ಲ ಇವೆ. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹನ್ನೊಂದಕ್ಕೂ ಮನೆಯವರ ನಿದ್ದೆ ಕೆಡದ ಹಾಗೆ ನುಡಿಸಬಹುದು. ನಾಲ್ಕು ಡಬಲ್-ಎ ಸೆಲ್ಲಿನಲ್ಲೂ ನಡೆಯುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಹೆಸರಿನಲ್ಲಿ ಎಕ್ಸ್ ಇರುವ ಬಿ1ಎಕ್ಸ್ ಫೋರ್‌ನಲ್ಲಿ ಕಾಲಲ್ಲಿ ಅದುಮುವ ಎಕ್ಸ್‌ಪ್ರೆಶನ್ ಪೆಡಲ್ ಜೊತೆಗೆ ಬರುತ್ತದೆ, ಬೆಲೆಯೂ ಜಾಸ್ತಿ. ಕಲಿಯುವವರಿಗೆ ಸಾದಾ ಬಿ1 ಫೋರ್ ಧಾರಾಳ ಸಾಕು.

ಕೊಳ್ಳುವಾಗ ಅಕ್ಷರ ನೋಡಿ. ಜೂಮ್‌ನಲ್ಲಿ ಜಿ ಅಂತ ಶುರುವಾಗುವುದು ಗಿಟಾರ್‌ಗೆ, ಬಿ ಅಂತ ಶುರುವಾಗುವುದು ಬೇಸ್‌ಗೆ. ಎರಡೂ ನೋಡಲು ಅಣ್ಣತಮ್ಮಂದಿರ ಹಾಗೇ ಇವೆ. ಹೆಡ್‌ಫೋನ್‌ನ ಸಣ್ಣ ಪಿನ್ನನ್ನು ದಪ್ಪ ಪಿನ್ ಮಾಡುವ ಕನ್ವರ್ಟರ್ ಬೇಕಾಗಬಹುದು. ಅದನ್ನೂ ಜೊತೆಗೇ ಕೊಟ್ಟುಬಿಡಿ.

ಇದರ ಕೊರತೆ ಅಂದರೆ ಎಕ್ಸ್‌ಎಲ್‌ಆರ್ ಔಟ್‌ಪುಟ್ ಇಲ್ಲ. ಸ್ಟೇಜ್ ಮೇಲೆ ಹೋಗುವ ದಿನ ಬಂದಾಗ ಒಂದು ಡಿಐ ಬಾಕ್ಸ್ ಬೇರೆ ಬೇಕಾಗುತ್ತದೆ.

ಹೆಜ್ಜೆ 5: ಅಡಾಪ್ಟರ್ ವಿಷಯದಲ್ಲಿ ಉದಾಸೀನ ಬೇಡ

ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ ಬೇಕು, ಪಿನ್ನಿನ ನಡುಭಾಗ ಮೈನಸ್. ಪೆಡಲ್ ಮೇಲೆ ಪುಟ್ಟ ಚಿತ್ರ ಇರುತ್ತದೆ, ನಡುವಿನ ಚುಕ್ಕೆಯಿಂದ ಹೊರಟ ಗೆರೆ ಮೈನಸ್ ಗುರುತಿಗೆ ಹೋಗಿರುತ್ತದೆ. ಮನೆಯಲ್ಲಿ ಬಿದ್ದಿರುವ ವೈಫೈ ರೂಟರ್ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ಯಮಹಾದ ಮನೆಬಳಕೆಯ ಕೀಬೋರ್ಡ್‌ಗಳ ಅಡಾಪ್ಟರ್ ಕೂಡ ಹಾಗೇ. ಪಿನ್ ಸಲೀಸಾಗಿ ಒಳಗೆ ಹೋಗುತ್ತದೆ, ಪೆಡಲ್ ಸುಟ್ಟುಹೋಗಬಹುದು. ಉಡುಗೊರೆಯ ಜೊತೆ ಸರಿಯಾದ ಅಡಾಪ್ಟರ್ ಕೊಡಿ ಅಂತ ನಾನು ಒತ್ತಾಯ ಮಾಡುವುದು ಇದಕ್ಕೇ. ಅಗ್ಗದ ಪೆಡಲ್‌ಗಳ ಡಬ್ಬದಲ್ಲಿ ಅಡಾಪ್ಟರ್ ಇರುವುದಿಲ್ಲ.

ಆಂಪಿಯರ್ ಕೂಡ ನೋಡಿ. ಪೆಡಲ್‌ಗೆ 100 ಮಿಲಿಆಂಪ್ ಬೇಕಿದ್ದರೆ ಅಡಾಪ್ಟರ್ ಮೇಲೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬರೆದಿರಬೇಕು. ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇದ್ದರೆ ಕೆಲಸ ಮಾಡುವುದಿಲ್ಲ. ಮೊಬೈಲ್ ಅಂಗಡಿಯ ತೀರ ಅಗ್ಗದ 9 ವೋಲ್ಟ್ ಅಡಾಪ್ಟರ್ ಹಮ್ ತರುತ್ತದೆ. ಪೆಡಲ್‌ಗಾಗಿಯೇ ಮಾಡಿದ್ದನ್ನು ತೆಗೆದುಕೊಳ್ಳಿ.

ಕರೆಂಟು ನಂಬಲಾಗದ ಕಡೆ ನುಡಿಸುವವರಾದರೆ 9 ವೋಲ್ಟ್ ಬ್ಯಾಟರಿ ಹಾಕಲು ಬರುವ ಪೆಡಲ್ ಒಳ್ಳೆಯದು. ಬೆರಳುದ್ದದ ಮಿನಿ ಪೆಡಲ್‌ಗಳಲ್ಲಿ ಬ್ಯಾಟರಿಗೆ ಜಾಗವೇ ಇರುವುದಿಲ್ಲ. ಬ್ಯಾಟರಿ ಪೆಡಲ್‌ನ ಇನ್‌ಪುಟ್‌ಗೆ ವೈರು ಚುಚ್ಚಿಟ್ಟರೆ, ದೀಪ ಆರಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ನುಡಿಸಿ ಮುಗಿದ ಮೇಲೆ ವೈರು ಕಿತ್ತಿಡಿ ಅಂತ ಚೀಟಿ ಬರೆದು ಹಾಕಿ.

ಹೆಜ್ಜೆ 6: ಎಲ್ಲಿ ಕೊಳ್ಳುವುದು?

ಕಲಬುರಗಿ, ಯಾದಗಿರಿಯ ವಾದ್ಯದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಗಿಟಾರ್ ತಂತಿ ಸಲೀಸಾಗಿ ಸಿಗುತ್ತವೆ. ಬೇಸ್ ಪೆಡಲ್ ಇಟ್ಟಿರುವುದು ಅಪರೂಪ. ಆದರೂ ಒಮ್ಮೆ ಕೇಳಿ, ಕೆಲವರು ತರಿಸಿಕೊಡುತ್ತಾರೆ. ಕೆಟ್ಟರೆ ಹೋಗಿ ಕೇಳಲು ಒಬ್ಬರು ಊರಲ್ಲೇ ಇರುತ್ತಾರೆ.

ಕೈಯಲ್ಲಿ ಹಿಡಿದು, ಕಿವಿಯಲ್ಲಿ ಕೇಳಿ ಕೊಳ್ಳಬೇಕು ಅಂದರೆ ಹೈದರಾಬಾದ್ ಹತ್ತಿರ. ಬೀದರಿನವರಿಗೆ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್. ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್. ಬೇರೆ ಕೆಲಸಕ್ಕೆ ಹೋಗುವ ನೆಂಟರು ಇದ್ದರೆ ಮಾಡೆಲ್ ನಂಬರ್ ಬರೆದುಕೊಡಿ. ಹಾಗೆ ಹೋದವರು ಅಂಗಡಿಯಲ್ಲಿ ಮೂರು ವಿಷಯ ನೋಡಲಿ. ಗುಂಡಿ ತಿರುಗಿಸಿದಾಗ ಕರಕರ ಅನ್ನಬಾರದು. ಸ್ವಿಚ್ ಒತ್ತಿದಾಗ ಸ್ಪೀಕರ್‌ನಲ್ಲಿ ಟಪ್ ಅಂತ ಜೋರು ಶಬ್ದ ಬರಬಾರದು. ವೈರು ಚುಚ್ಚಿದ ಜಾಗ ಅಲ್ಲಾಡಬಾರದು.

ಆನ್‌ಲೈನ್‌ನಲ್ಲಾದರೆ ಬಜಾವೊ, ಫರ್ಟಾಡೋಸ್ ತರಹದ ವಾದ್ಯಗಳ ಅಂಗಡಿಗಳಲ್ಲಿ ಮೊದಲು ನೋಡಿ, ಆಮೇಲೆ ಉಳಿದ ದೊಡ್ಡ ತಾಣಗಳಿಗೆ ಹೋಗಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಓದಿ. ಡಬ್ಬ ತೆರೆಯುವಾಗ ವಿಡಿಯೊ ಮಾಡಿಕೊಳ್ಳಿ. ಉಡುಗೊರೆ ಅಂತ ಮುಚ್ಚಿಟ್ಟು, ಹದಿನೈದು ದಿನ ಆದಮೇಲೆ ತೆರೆದರೆ ವಾಪಸ್ ಮಾಡುವ ಅವಧಿ ದಾಟಿರುತ್ತದೆ. ಬಂದ ದಿನವೇ ತೆರೆದು, ಅಡಾಪ್ಟರ್ ಹಾಕಿ, ಸ್ವಿಚ್ ಒತ್ತಿ, ದೀಪ ಹತ್ತುತ್ತದೆಯೇ ನೋಡಿ. ಮತ್ತೆ ಜೋಪಾನವಾಗಿ ಮುಚ್ಚಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಹಿಂಜರಿಕೆ ಬೇಡ. ಲೋಹದ ಮೈಯ ಬಾಸ್ ಪೆಡಲ್‌ಗಳು ಇಪ್ಪತ್ತು ವರ್ಷ ಆದರೂ ನಡೆಯುತ್ತವೆ. ಹೊಸ ಪ್ಲಾಸ್ಟಿಕ್ ಪೆಡಲ್‌ಗಿಂತ ಹಳೆಯ ಲೋಹದ್ದೇ ಮೇಲು ಅಂತ ನನ್ನ ಅನಿಸಿಕೆ. ಬ್ಯಾಟರಿ ಮುಚ್ಚಳ ತೆಗೆದು ನೋಡಿ, ಬಿಳಿಯೋ ಹಸಿರೋ ಪುಡಿ ಕಂಡರೆ ಬ್ಯಾಟರಿ ಸೋರಿದೆ ಅಂತ ಅರ್ಥ. ಅದನ್ನು ಬಿಟ್ಟುಬಿಡಿ. ನೋಡದೆ ಮುಂಗಡ ಕಳಿಸಬೇಡಿ.

ಹೆಜ್ಜೆ 7: ಜೊತೆಗೆ ಇನ್ನೇನು, ಯಾವಾಗ ಕೊಡಬೇಕು?

ಪೆಡಲ್ ಒಂದನ್ನೇ ಕೊಟ್ಟರೆ ಅವರು ಅಂದೇ ನುಡಿಸಲಾರರು. ಮೊದಲು ಅವರ ಬಳಿ ಒಂದೇ ವೈರು ಇತ್ತು, ಈಗ ಎರಡು ಬೇಕು: ಗಿಟಾರ್‌ನಿಂದ ಪೆಡಲ್‌ಗೆ ಒಂದು, ಪೆಡಲ್‌ನಿಂದ ಮುಂದಕ್ಕೆ ಒಂದು. ಡಿಐ ಪೆಡಲ್ ಆದರೆ ಎರಡನೆಯದು ಎಕ್ಸ್‌ಎಲ್‌ಆರ್ ಮೈಕ್ ವೈರು. ಈಗಾಗಲೇ ಒಂದು ಪೆಡಲ್ ಇದ್ದರೆ ನಡುವೆ ಗೇಣುದ್ದದ ಪ್ಯಾಚ್ ವೈರು. ಬಜೆಟ್‌ನಲ್ಲಿ 1,000 ರೂಪಾಯಿ ಇದಕ್ಕೇ ಎತ್ತಿಡಿ. ಪೆಡಲ್‌ಗಳನ್ನು ಜೋಡಿಸಿಡುವ ಬೋರ್ಡಿಗೆ ಅಂಟಿಸಲು ವೆಲ್ಕ್ರೊ ಕೊಟ್ಟರೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ ಅಂತ ಹೇಳಿ. ನಮ್ಮ ಮೇ ತಿಂಗಳ ಬಿಸಿಗೆ ಅಂಟು ಕರಗಿ ಎಲ್ಲ ಮೆತ್ತಿಕೊಳ್ಳುತ್ತದೆ.

ಕಾರ್ಯಕ್ರಮದ ದಿನ ಕೊಡಬೇಡಿ. ಆಸೆ ತಡೆಯಲಾರದೆ ಅಂದೇ ಸ್ಟೇಜ್ ಮೇಲೆ ಹಾಕುತ್ತಾರೆ, ಗುಂಡಿ ಯಾವುದು ಏನು ಅಂತ ತಿಳಿಯುವ ಮೊದಲೇ ಹಾಡು ಶುರುವಾಗಿರುತ್ತದೆ. ಕನಿಷ್ಠ ಒಂದು ವಾರ ಮುಂಚೆ ಕೊಡಿ. ಮೊದಲ ದಿನ ಎಲ್ಲ ಗುಂಡಿಗಳನ್ನೂ ಗಡಿಯಾರದ 12ರ ಕಡೆ ಇಟ್ಟು, ಡ್ರೈವ್ ಮಾತ್ರ ಪೂರ್ತಿ ಇಳಿಸಿ ಶುರುಮಾಡಲಿ. ಪೆಡಲ್ ಆನ್ ಮಾಡಿದಾಗಲೂ ಆಫ್ ಮಾಡಿದಾಗಲೂ ದನಿಯ ಮಟ್ಟ ಒಂದೇ ಇರುವ ಹಾಗೆ ಲೆವೆಲ್ ಗುಂಡಿ ಹೊಂದಿಸಿಕೊಳ್ಳಲಿ. ಆಮೇಲೆ ಡ್ರೈವ್ ಅನ್ನು ಸ್ವಲ್ಪ ಸ್ವಲ್ಪವೇ ಏರಿಸಲಿ. ಬಿಲ್ಲು, ವಾರಂಟಿ ಕಾರ್ಡು, ಖಾಲಿ ಡಬ್ಬ ಮೂರನ್ನೂ ಅವರ ಕೈಗೇ ಕೊಡಿ. ಮುಂದೆ ಮಾರಿ ಬೇರೆ ಕೊಳ್ಳುವಾಗ ಡಬ್ಬ ಇದ್ದರೆ ಬೆಲೆ ಜಾಸ್ತಿ ಬರುತ್ತದೆ.